ಕೇಜಿ ಎಣ್ಣೆ, ಲೀಟರ್ ಬಾಟ್ಲಿ

ಎಣ್ಣೆ ಅಂಗಡಿಯಲ್ಲಿ ಕುಂತವನಿಗೆ ದಿನಾ ಒಂದು ಜಗಳ ತಪ್ಪೋದಿಲ್ಲ. ಸಂಜೆ ಅಂಗಡಿ ಮುಚ್ಚುವಾಗ ಅದೇ ನಗು ತರಿಸುತ್ತದೆ.

ಗದಗ ಜಿಲ್ಲೆ ಆದ ಹೊಸತು. ಲಕ್ಷ್ಮೇಶ್ವರದಲ್ಲಿ ನಮ್ಮದು ಶೇಂಗಾ ಎಣ್ಣೆಯ ಗಾಣ. ಒಳಗೆ ಮಷೀನಿನ ಹತ್ತಿರ ನಾನು. ಹೊರಗೆ ಗಲ್ಲಾದ ಮೇಲೆ ನಮ್ಮಾಕಿ, ನನ್ನ ಹೆಂಡತಿ. ಆಕಿ ತೀರಿಕೊಂಡಳು. ಗಲ್ಲಾಕ್ಕೆ ನಾನು ಬಂದೆ. ಆಕಿ ಕೂಡಿಸಿದ ಗಿರಾಕಿ ಚದುರಬಾರದು, ಅಷ್ಟೇ ನನ್ನ ಆಸೆ.

೧. ಹಗುರ ಎಣ್ಣೆ

ಅಡರಕಟ್ಟಿಯ ರೈತ ಒಬ್ಬ ಲೀಟರ್ ಬಾಟ್ಲಿ ತಂದು ಒಂದು ಕೇಜಿ ಕೇಳಿದ. ತೂಗುವ ಕಾಟಾದ ಮೇಲಿಟ್ಟು ಸುರಿದೆ. ಬಾಟ್ಲಿ ತುಂಬಿತು, ಕೇಜಿ ಆಗಲಿಲ್ಲ.

"ಎಣ್ಣಿ ನೀರಿಗಿಂತ ಹಗುರ ಇರ್ತೈತಿ," ಅಂದೆ. "ಲೀಟರ್ ತುಂಬಿದ್ರೂ ಕೇಜಿ ಆಗೂದಿಲ್ಲ."

"ಹಗುರ ಆಗಾಕ ಏನ್ ಹಾಕೀರಿ?"

"ಏನೂ ಹಾಕಿಲ್ಲ."

ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದ. "ಹಂಗಾರ ಏನ್ ತಗದೀರಿ?"

೨. ಸಮಪಾಲು

ನಮ್ಮ ಓಣಿಯಲ್ಲಿ ಅತ್ತೆ ಸೊಸೆ ಒಲೆ ಬೇರೆ ಮಾಡಿಕೊಂಡರು. ಎಣ್ಣೆಗೆ ಮಾತ್ರ ಮಗನೇ ಬರಬೇಕು. ಒಂದೇ ಅಳತೆಯ ಎರಡು ಡಬ್ಬಿ ತಂದ. ಅವ್ವ ಕೇಜಿ ಹೇಳಿದ್ದಳು, ಹೆಂಡತಿ ಲೀಟರ್. ಒಂದು ತೂಗಿದೆ, ಒಂದು ಅಳೆದೆ.

ಸ್ವಲ್ಪ ಹೊತ್ತಿಗೆ ತಿರುಗಿ ಬಂದ. "ಕಾಕಾ, ಅವ್ವನ ಡಬ್ಬ್ಯಾಗ ಹೆಚ್ಚೈತಿ ಅಂತ ಆಕಿ ಅಳಾಕತ್ತಾಳ. ಸಮ ಮಾಡ್ರಿ."

ಹೆಂಡತಿಯ ಡಬ್ಬಿಗೆ ಅಷ್ಟು ಸುರಿದು ಸಮ ಮಾಡಿಕೊಟ್ಟೆ.

ಮತ್ತೆ ಬಂದ. ಮೆಟ್ಟಿಲ ಮೇಲೆ ಕುಂತ.

"ಯಾಕಲೇ, ಸಮ ಆಗಿಲ್ಲೇನು?"

"ಆಗ್ಯಾವು ಕಾಕಾ. ಈಗ ಅವ್ವ ಅಳಾಕತ್ತಾಳ."

೩. ಖಾಲಾನ ಕೇಜಿ

ಬಸ್ ಸ್ಟ್ಯಾಂಡ್ ಕಡೆ ಮಿರ್ಚಿ ಕರಿಯುವ ಖಾಲಾ ನಮ್ಮಾಕಿಯ ಗೆಳತಿ. ದಿನದ ಗಿರಾಕಿ. ಒಂದು ಕೇಜಿ ಸರಿಯಾಗಿ ತೂಗಿ ಕೊಟ್ಟೆ.

"ಕಮ್ಮಿ ಐತಿ," ಅಂದಳು.

ಮತ್ತೆ ತೂಗಿದೆ. ಸರಿ ಇತ್ತು.

"ಕಾಟಾ ಖರೆ ಹೇಳ್ತೈತಿ. ಆದ್ರೂ ಕಮ್ಮಿ ಐತಿ. ಹಿಂಗಾದ್ರ ನಾ ಬ್ಯಾರೆ ಗಾಣಕ್ಕ ಹೊಕ್ಕೇನಿ ನೋಡಪಾ."

ಈಕಿನೇ ಹೋದರೆ ಇನ್ನು ಯಾರು ಉಳಿದಾರು?

"ನಮ್ಮಾಕಿ ಹ್ಯಾಂಗ ಕೊಡ್ತಿದ್ಲು ಖಾಲಾ?"

"ಕಾಟಾ ಎಲ್ಲಿ ಮುಟ್ತಿದ್ಲು? ಕೇಜಿ ಕೇಳಿದ್ರ ಒಂದು ಲೀಟರ್ ಅಳಿಯಾಕಿ. ಮ್ಯಾಲ ಸಣ್ಣ ಧಾರಿ ಬಿಟಗೋತ, ಮನಿ ಕಡಿ ಹ್ಯಾಂಗೈತಿ ಅಂತ ಕೇಳಾಕಿ. ನನ್ನ ಮಾತು ಮುಗೀತು ಅಂದ್ರ ಕೇಜಿ ಆತು."

ಒಳಗಿನ ಮಷೀನಿನ ಸಪ್ಪಳದಲ್ಲಿ ಇಷ್ಟು ವರ್ಷ ನನಗಿದು ಗೊತ್ತೇ ಆಗಿರಲಿಲ್ಲ. ಆಕಿಯ ಲೀಟರ್ ಮಾಪು ಕೈಗೆ ತಗೊಂಡೆ. ಖಾಲಾನ ಡಬ್ಬಿಯಲ್ಲಿದ್ದುದನ್ನು ತಿರುಗಿ ಸುರುವಿ, ಹೊಸದಾಗಿ ಒಂದು ಲೀಟರ್ ಅಳೆದು ಹಾಕಿದೆ. ಮೇಲೆ ಸಣ್ಣ ಧಾರೆ ಬಿಟ್ಟೆ.

"ಮನಿ ಕಡಿ ಹ್ಯಾಂಗೈತಿ ಖಾಲಾ?"

ಖಾಲಾ ಬುರ್ಖಾ ಸರಿ ಮಾಡಿಕೊಂಡು ಬೆಂಚಿನ ಮೇಲೆ ಕುಂತಳು. ಸೊಸೆಯಿಂದ ಸುರು ಮಾಡಿದಳು. ಸೊಸೆಯ ತವರು ಬಂತು, ತವರಿನ ಎಮ್ಮೆ ಬಂತು. ಎಣ್ಣೆ ಡಬ್ಬಿಯ ಕಂಠಕ್ಕೆ ಬಂತು.

"ಖಾಲಾ, ಡಬ್ಬಿ ತುಂಬೇತಿ."

"ಹೌದೇನು?" ಖಾಲಾ ಚೀಲಕ್ಕೆ ಕೈ ಹಾಕಿ ಇನ್ನೊಂದು ಖಾಲಿ ಡಬ್ಬಿ ತೆಗೆದು ಮುಂದಿಟ್ಟಳು. "ಧಾರಿ ನಿಲ್ಲಿಸಬ್ಯಾಡ. ಮಗಳ ಸುದ್ದಿ ಇನ್ನೂ ಬಾಕಿ ಐತಿ."