ಅಕ್ಕನ ಹುಲ್ಲಿನಲ್ಲಿ ತಿರುಗುವ ಬಗ್ಗೆ

ಇಂದ:
ಹನ್ನೊಂದನೆಯ ಮನೆಯವರು, ನಿವೃತ್ತ ಬಸ್ ಚಾಲಕರು, ಕೂತು ಓಡಿಸುವ ಬ್ಯಾಟರಿಚಾಲಿತ ಹುಲ್ಲು ಕತ್ತರಿಸುವ ಯಂತ್ರವೊಂದರ ಒಡೆಯರು.
(ಸ್ಟೀರಿಂಗ್ ಒಲಿದಂತೆ ಲೇಖನಿ ಒಲಿಯದ ಕಾರಣ, ಅವರ ಪರವಾಗಿ ಬರೆದವರು: ಹನ್ನೆರಡನೆಯ ಮನೆಯಲ್ಲಿರುವ ಅವರ ಭಾವ, ನಿವೃತ್ತ ಭಾಷಾಪಂಡಿತರು.)

ಗೆ:
ಮಾನ್ಯ ಕಾರ್ಯದರ್ಶಿಗಳು, ಮನೆಮಾಲೀಕರ ಸಂಘ.

ವಿಷಯ: ಹನ್ನೊಂದು ಮತ್ತು ಹನ್ನೆರಡನೆಯ ಮನೆಗಳ ನಡುವೆ ಬೇಲಿ ಹಾಕುವ ಆದೇಶವನ್ನು ಹಿಂತೆಗೆದುಕೊಳ್ಳಲು ಕೋರಿ.

ಉಲ್ಲೇಖ: ೧. ಎದುರುಮನೆಯವರ ದೂರು. ೨. ತಮ್ಮ ಬೇಲಿಯ ಆದೇಶ. ೩. ತಾವೇ ಟೇಪು ಹಿಡಿದು ಬಂದು ನಡೆಸಿದ ಸ್ಥಳಪರಿಶೀಲನೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರರ ಪರವಾಗಿ ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುವುದೇನೆಂದರೆ:

೧. ಹನ್ನೊಂದು ಮತ್ತು ಹನ್ನೆರಡು ಒಂದೇ ಗೋಡೆಗೆ ಪಕ್ಕೆ ಕೊಟ್ಟು ನಿಂತ ಜೋಡಿಮನೆಗಳು. ಹಿತ್ತಲಿನ ಹುಲ್ಲುಹಾಸೂ ಒಂದೇ. ಅರ್ಧ ತಮ್ಮನದು, ಅರ್ಧ ಅಕ್ಕನದು. ತಮ್ಮನೆಂದರೆ ಅರ್ಜಿದಾರರು, ಅಕ್ಕನೆಂದರೆ ಈ ಲೇಖಕನ ಧರ್ಮಪತ್ನಿ. ಇದುವರೆಗೆ ಗಡಿಯನ್ನು ಕಾಯ್ದದ್ದು ಹುಲ್ಲಿನ ಎತ್ತರ ಮಾತ್ರ. ತಮ್ಮ ನುಣ್ಣಗೆ ಕತ್ತರಿಸುತ್ತಾರೆ. ಅಕ್ಕ ಪಾದ ಮುಳುಗುವಷ್ಟು ಬೆಳೆಯಬಿಡುತ್ತಾರೆ.

೨. ಇವರ ತಾಯಿ ತೀರಿಕೊಂಡಂದಿನಿಂದ ಇಬ್ಬರಿಗೂ ಮಾತಿರಲಿಲ್ಲ. ಕಾಯಿಲೆ ವಾಸಿಯಾಗುವಂಥದ್ದಲ್ಲವೆಂದು ವೈದ್ಯರು ಹೇಳಿದಾಗ, ಅದನ್ನು ತಾಯಿಗೆ ತಿಳಿಸಲೇಬೇಕೆಂದು ಅಕ್ಕ, ತಿಳಿಸಲೇಬಾರದೆಂದು ತಮ್ಮ. ಜಗ್ಗಾಟ ಮುಗಿಯುವ ಮೊದಲೇ ತಾಯಿ ಹೊರಟುಹೋದರು. ಯಾರದು ಸರಿ ಎಂಬುದು ಈ ಅರ್ಜಿಯ ವ್ಯಾಪ್ತಿಗೆ ಬರುವುದಿಲ್ಲ. ಕಿರಿಯನೇ ಮೊದಲು ಹೊಸ್ತಿಲಿಗೆ ಬರಬೇಕೆಂಬುದು ಅಕ್ಕನ ಪಕ್ಷ. ಹಿರಿಯಳೇ ಮೊದಲು ಬಾಯಿ ಬಿಡಬೇಕೆಂಬುದು ತಮ್ಮನ ಪಕ್ಷ. ಹುಡುಕಿದರೆ ಎರಡಕ್ಕೂ ಶಾಸ್ತ್ರಾಧಾರ ಸಿಗುವ ಕಾರಣ ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. ಆ ಅವಧಿಯಲ್ಲಿ ಈ ಲೇಖಕನು ಒಂದು ಮನೆಗೆ ಯಜಮಾನನಾಗಿಯೂ ಎರಡು ಮನೆಗಳಿಗೆ ಅಂಚೆಯವನಾಗಿಯೂ ಸೇವೆ ಸಲ್ಲಿಸಿದ್ದಾನೆ.

"ಮೋಟರ್ ಆರಿಸೋಕೆ ಹೇಳಿ ಅವನಿಗೆ. ಟ್ಯಾಂಕ್ ತುಂಬಿ ಸುರೀತಾ ಇದೆ."

"ಆಗ್ಲೇ ಆರಿಸಿದೀನಿ ಅಂತ ಹೇಳಿ ಭಾವ, ಅವಳಿಗೆ."

ನಡುವೆ ಇದ್ದದ್ದು ತೆಳುಗೋಡೆ. ಇಬ್ಬರ ದನಿಯೂ ಇಬ್ಬರಿಗೂ ಕೇಳುತ್ತಿತ್ತು. ಆದರೂ ಈ ಲೇಖಕನು ಎದ್ದು ಹೋಗಿ ಹೇಳಿ ಬರಬೇಕಾಗಿತ್ತು.

೩. ಹೀಗಿರಲಾಗಿ ಅರ್ಜಿದಾರರಿಗೆ ಮಂಡಿನೋವು ಬಂತು. ಹುಲ್ಲು ಕತ್ತರಿಸುವ ಯಂತ್ರವನ್ನು ತಳ್ಳಿಕೊಂಡು ಓಡಾಡಬಾರದೆಂದು ವೈದ್ಯರು ಹೇಳಿದ ಕಾರಣ, ಕೂತು ಓಡಿಸುವಂಥದ್ದನ್ನು ಕೊಳ್ಳಲು ಹೋದರು. ಅಂಗಡಿಯವರು ಎಚ್ಚರಿಸಿಯೇ ಇದ್ದರು: "ಸಾರ್, ಇದು ಮೈದಾನಕ್ಕೆ ಮಾಡಿರೋದು. ನಿಮ್ಮ ಹಿತ್ತಲು ಎಷ್ಟಿದೆ?" ಅದಕ್ಕೆ ಅರ್ಜಿದಾರರು, "ಜೀವಮಾನವೆಲ್ಲಾ ಬಸ್ ಓಡಿಸಿದವನಿಗೆ ಹಿತ್ತಲಿನ ಲೆಕ್ಕ ಕೇಳ್ತೀಯಲ್ಲಪ್ಪ!" ಎಂದು ನುಡಿದು, ಯಂತ್ರದ ಮೇಲೆ ಪಟ್ಟಾಭಿಷಿಕ್ತರಂತೆ ಕುಳಿತೇಬಿಟ್ಟರು.

೪. ಮೊದಲ ಭಾನುವಾರ ಯಂತ್ರವು ತಮ್ಮನ ಪಾಲಿನ ಅಂಚನ್ನು ಮುಟ್ಟಿ, ತಿರುಗಲು ಸ್ಥಳ ಸಾಲದೆ, ಅಕ್ಕನ ಹುಲ್ಲನ್ನು ಹೊಕ್ಕು, ಅಲ್ಲೊಂದು ಅರ್ಧಚಂದ್ರವನ್ನು ಕೊರೆದು ಹಿಂದಿರುಗಿತು. ಹನ್ನೆರಡನೆಯ ಮನೆಯ ಅಡುಗೆಕೋಣೆಯ ಬಾಗಿಲು ತೆರೆಯಿತು.

"ಏನೋ, ಕಣ್ಣು ಕಿತ್ತು ಜೇಬಲ್ಲಿಟ್ಕೊಂಡಿದೀಯಾ? ಯಾರ ಹುಲ್ಲೋ ಅದು?"

"ನಿಂದೇ ಕಣಕ್ಕ. ಇದು ತಿರುಗಲ್ಲ."

"ತಿರುಗದೇ ಇರೋದನ್ನ ಯಾಕೋ ತಂದೆ?"

"ತರೋವಾಗ ನೇರ ಬಂತು."

ತಾವು ಗಮನಿಸಬೇಕಾದ ಅಂಶವೆಂದರೆ, ಅಕ್ಕನೇ ಮೊದಲು ಬಾಯಿ ಬಿಟ್ಟದ್ದರಿಂದ ತಮ್ಮನ ಪಕ್ಷ ಗೆದ್ದಿತು; ತಮ್ಮನೇ ಗಡಿ ದಾಟಿ ಬಂದದ್ದರಿಂದ ಅಕ್ಕನ ಪಕ್ಷವೂ ಗೆದ್ದಿತು. ಪಂಡಿತರಿಂದ ಪರಿಹಾರವಾಗದ ವ್ಯಾಜ್ಯವನ್ನು ಒಂದು ಯಂತ್ರ ಪರಿಹರಿಸಿತು.

೫. ಯಂತ್ರವು ಬ್ಯಾಟರಿಚಾಲಿತವಾಗಿರುವುದು ಇಲ್ಲಿ ಮುಖ್ಯ. ಪೆಟ್ರೋಲಿನದಾಗಿದ್ದರೆ ಅಕ್ಕನ ಬೈಗುಳವೆಲ್ಲ ಅದರ ಅಬ್ಬರದಲ್ಲಿ ಕೊಚ್ಚಿಹೋಗುತ್ತಿತ್ತು. ಇದು ಹೆಚ್ಚೆಂದರೆ ದುಂಬಿಯಂತೆ ಗುಂಯ್‌ಗುಡುತ್ತದೆ. ಆ ಕಾರಣ, ಪ್ರತಿ ಭಾನುವಾರ ಒಂದಕ್ಷರವೂ ಲೋಪವಾಗದೆ ಬೈಗುಳವು ಅರ್ಜಿದಾರರಿಗೆ ತಲುಪುತ್ತಿದೆ.

೬. ಒಂದು ಭಾನುವಾರ ಅಕ್ಕನ ಹುಲ್ಲಿನ ನಡುಮಧ್ಯದಲ್ಲೇ ಚಾರ್ಜು ಮುಗಿಯಿತು. ಅರ್ಜಿದಾರರು ಇಳಿಯಲಿಲ್ಲ. ಅಕ್ಕ, "ಆನೆ ತರೋನಿಗೆ ಮೇವು ಹಾಕೋಕೆ ಬರಲ್ಲ" ಎಂದು ಗೊಣಗುತ್ತ ಅಡುಗೆಕೋಣೆಯಿಂದ ಉದ್ದನೆಯ ವೈರು ಎಳೆದು ತಂದು ಸಿಕ್ಕಿಸಿದರು. ಚಾರ್ಜು ತುಂಬುವತನಕ ತಮ್ಮ ಸೀಟಿನ ಮೇಲೆ, ಅಕ್ಕ ಮೆಟ್ಟಿಲಿನ ಮೇಲೆ. ಮಧ್ಯೆ ಚಹಾ ಬಂತು.

"ಅಮ್ಮ ಇದ್ದಿದ್ರೆ, ನನ್ನೂ ಕೂರಿಸ್ಕೊಂಡು ಒಂದು ಸುತ್ತು ಹೊಡೆಸೋ ಅಂತ ಪ್ರಾಣ ತಿಂತಿದ್ಲು" ಎಂದರು ಅಕ್ಕ.

"ಹೂಂ. ಇಳಿಸೋಕೆ ನಿನ್ನೇ ಕರೀಬೇಕಾಗ್ತಿತ್ತು" ಎಂದರು ತಮ್ಮ.

ತಾಯಿಯ ಮಾತು ಇಬ್ಬರ ನಡುವೆ ಬಂದದ್ದು ಅದೇ ಮೊದಲು. ಅಂದು ಈ ಲೇಖಕನು ಅಂಚೆಯ ಕೆಲಸವಿಲ್ಲದೆ ಒಳಗೆ ಕುಳಿತು ಭಗವಂತನ ಸ್ಮರಣೆ ಮಾಡಿದನು.

೭. ಈ ನಡುವೆ, ವೃದ್ಧರಿಬ್ಬರು ವಾರವಾರವೂ ಕಾದಾಡುತ್ತಾರೆ, ರಜೆಯ ನಿದ್ದೆ ಕೆಡುತ್ತದೆ ಎಂದು ಎದುರುಮನೆಯವರು ದೂರಿದರು. ದೂರಿನಲ್ಲಿ ಸುಳ್ಳಿಲ್ಲ. ತಾವು ಸದುದ್ದೇಶದಿಂದಲೇ ಬೇಲಿಗೆ ಆದೇಶ ನೀಡಿ, ಮರುವಾರ ಪರಿಶೀಲನೆಗೆ ಬಂದು, ಯಂತ್ರದ ಎಡಬದಿಯ ಗುಂಡಿಯೊಂದನ್ನು ತೋರಿಸಿ, "ಇದು ರಿವರ್ಸ್ ಅಲ್ವಾ ಸಾರ್? ಇದನ್ನ ಒತ್ತಿದ್ರೆ ನಿಮ್ಮ ಜಾಗದಲ್ಲೇ ತಿರುಗಿಸಬಹುದಲ್ಲ?" ಎಂದು ಕೇಳಿದಿರಿ. ಅರ್ಜಿದಾರರು ತಮ್ಮ ಕನ್ನಡಕ ಒರೆಸಿಕೊಂಡರು.

ಈ ಅರ್ಜಿಯಲ್ಲಿ ಯಂತ್ರಕ್ಕೆ ರಿವರ್ಸ್ ಇಲ್ಲವೆಂದೇ ಬರೆಯಬೇಕೆಂದು ಅವರು ಒತ್ತಾಯಿಸಿದರು. ದಿನವೂ ಬೆಳಗ್ಗೆ ಪ್ರಾರ್ಥನೆಗೆ ಜೋಡಿಸುವ ಈ ಲೇಖಕನ ಕೈ ಅದಕ್ಕೆ ಒಪ್ಪದ ಕಾರಣ, ನಿಜವನ್ನೇ ಬರೆಯಲಾಗಿದೆ: ರಿವರ್ಸ್ ಇದೆ. ಕೊಂಡ ದಿನದಿಂದಲೂ ಅವರಿಗೆ ಗೊತ್ತಿದೆ. ಓಣಿಯೊಳಗೆ ಸಿಕ್ಕಿದ ಬಸ್ಸನ್ನು ಕನ್ನಡಿ ನೋಡಿಕೊಂಡೇ ಹಿಂದಕ್ಕೆ ತಂದವರಿಗೆ ಅದೇನು ಬ್ರಹ್ಮವಿದ್ಯೆಯಲ್ಲ.

೮. ಅದೇ ದಿನ ತಾವು ಹನ್ನೆರಡನೆಯ ಮನೆಯ ಬಾಗಿಲಿಗೂ ಬಂದು, ಸಮಾಧಾನದ ಸುದ್ದಿಯೆಂಬಂತೆ, "ಅಮ್ಮಾ, ನಿಮ್ಮ ತಮ್ಮನಿಗೆ ರಿವರ್ಸ್ ತೋರಿಸಿಕೊಟ್ಟಿದೀನಿ. ಇನ್ನು ನಿಮ್ಮ ಕಡೆ ಬರಲ್ಲ" ಎಂದಿರಿ. ಅಕ್ಕ ಕೊಟ್ಟ ಉತ್ತರ ತಮ್ಮ ಸ್ಥಳಪರಿಶೀಲನೆಯ ವರದಿಯಲ್ಲಿ ಬಿಟ್ಟುಹೋಗಿರುವುದರಿಂದ ಇಲ್ಲಿ ದಾಖಲಿಸಲಾಗಿದೆ:

"ಬಸ್ ಓಡಿಸಿದವನಿಗೆ ರಿವರ್ಸ್ ಬರಲ್ವಾ? ಅಷ್ಟೂ ಗೊತ್ತಾಗದ ದಡ್ಡಿ ಅಂದ್ಕೊಂಡ್ರಾ ನನ್ನ? ನೀವ್ಯಾಕ್ರೀ ತೋರಿಸೋಕೆ ಹೋದ್ರಿ?"

ತರುವಾಯದ ಭಾನುವಾರ ಅರ್ಜಿದಾರರು, ಸಿಕ್ಕಿಬಿದ್ದ ನಾಚಿಕೆಯಿಂದ, ರಿವರ್ಸ್ ಒತ್ತಿ ತಮ್ಮ ಪಾಲಿನಲ್ಲೇ ತಿರುಗಿದರು. ಅಕ್ಕ ಮೆಟ್ಟಿಲಿನ ಮೇಲೆ ಕಾದಿದ್ದು, ಒಂದು ಮಾತೂ ಆಡದೆ ಒಳಗೆ ಹೋದರು. ಹೋದವರು ಈ ಲೇಖಕನನ್ನು ಕರೆದು, "ಮೋಟರ್ ಆರಿಸೋಕೆ ಹೇಳಿ ಅವನಿಗೆ" ಎಂದರು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಾವು ದಯಮಾಡಿ:

(ಅ) ಬೇಲಿಯ ಆದೇಶವನ್ನು ರದ್ದುಪಡಿಸಬೇಕು;
(ಆ) ಎದುರುಮನೆಯವರ ನಿದ್ದೆಯ ಹಿತದೃಷ್ಟಿಯಿಂದ, ಬೈಗುಳದ ವೇಳೆಯನ್ನು ಬೆಳಗಿನಿಂದ ಸಂಜೆಗೆ ಬದಲಾಯಿಸಬೇಕು;
(ಇ) ಅರ್ಜಿದಾರರು ರಿವರ್ಸ್ ಬಳಸಕೂಡದೆಂದು ಸಂಘದ ಮೊಹರಿನೊಂದಿಗೆ ಲಿಖಿತ ಆಜ್ಞೆ ಹೊರಡಿಸಬೇಕು. ತಾವಾಗಿಯೇ ಮತ್ತೆ ಗಡಿ ದಾಟಲು ಅವರಿಗೆ ಮುಜುಗರ. ಆಜ್ಞೆಯಿದ್ದರೆ ವಿಧಿಯಿಲ್ಲದೆ ದಾಟುತ್ತಾರೆ.

ತಮ್ಮ ಸಮ್ಮುಖದಲ್ಲಿ ತಲೆಬಾಗಿ,
ತಮ್ಮ ವಿಶ್ವಾಸಿ,
ಹನ್ನೊಂದನೆಯ ಮನೆಯವರು (ರುಜು)
ಅವರ ಪರವಾಗಿ ಬರೆದ ಭಾವ (ರುಜು)

ಲಗತ್ತುಗಳು:
೧. ಅಕ್ಕನ ಹುಲ್ಲಿನ ಛಾಯಾಚಿತ್ರ, ಅರ್ಧಚಂದ್ರಗಳ ಸಹಿತ.
೨. ಮಂಡಿಯ ಬಗ್ಗೆ ವೈದ್ಯರ ಪತ್ರ (ಮಂಡಿ ಈಗ ಗುಣವಾಗಿದೆ, ಆದರೂ ಲಗತ್ತಿಸಲಾಗಿದೆ).

ವಿಶೇಷ ಸೂಚನೆ: ಕೋರಿದ ಆಜ್ಞೆಯನ್ನು ಹನ್ನೊಂದನೆಯ ಮನೆಗೆ ಕಳುಹಿಸದೆ, ಕೈತಪ್ಪಿನಿಂದಾದಂತೆ ಹನ್ನೆರಡನೆಯ ಮನೆಗೆ, ಅಕ್ಕನ ಹೆಸರಿಗೆ ಕಳುಹಿಸಬೇಕಾಗಿ ಪ್ರತ್ಯೇಕ ಪ್ರಾರ್ಥನೆ. ಅದನ್ನು ತಮ್ಮನಿಗೆ ತಲುಪಿಸಲು ಅಂದು ಈ ಲೇಖಕನು ಮನೆಯಲ್ಲಿ ಇರುವುದಿಲ್ಲ.