ಭಾವನವರ ಟೇಪಿಗೆ ಎದ್ದು ಹೋದವರು

ಸೇರಿದ ಜನರನ್ನು ಚದುರಿಸುವುದಕ್ಕೆ ಪೊಲೀಸರಿಗೆ ಲಾಠಿ ಬೇಕು. ಹರಿಕಥೆ ದಾಸರಿಗೂ ಕಡಿಮೆಯೆಂದರೂ ಎರಡು ಗಂಟೆ ಬೇಕು. ನಮ್ಮ ಭಾವನವರಿಗೆ ಒಂದು ಗುಂಡಿ ಒತ್ತಿದರೆ ಸಾಕಾಗಿತ್ತು! ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ಸೀಮೆಯಲ್ಲಿ ಅವರ ಟೇಪು ಕೇಳಲು ಕೂತವರು ನೂರಾರು ಮಂದಿ. ಕೊನೆಯವರೆಗೆ ಕೇಳಿದವರು ಎಷ್ಟು ಮಂದಿ ಎಂದಿರಾ? ಬಹುಕಾಲ ಒಬ್ಬರೂ ಇಲ್ಲ. ಎದ್ದು ಹೋದವರಲ್ಲಿ ಮೊದಲು ಎದ್ದವಳು ನಾನೇ ಎಂದು ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ಭಾವ ಎಂದರೆ ನನ್ನ ಗಂಡನ ಅಣ್ಣ. ನಾನು ಮೈಸೂರಿನಿಂದ ಕೊಳ್ಳೇಗಾಲದ ಆ ಮನೆಗೆ ಸೊಸೆಯಾಗಿ ಬಂದದ್ದು ಅರವತ್ತೇಳರಲ್ಲಿ. ಅದಕ್ಕೆ ಕೆಲವು ವರ್ಷ ಮುಂಚಿನವರೆಗೆ ಭಾವ ಯಳಂದೂರಿನ ಒಂದು ಅಕ್ಕಿ ಗಿರಣಿಯಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದರಂತೆ, ಹದಿನೈದು ವರ್ಷ. ಗಿರಣಿ ಮುಚ್ಚಿದ ಮೇಲೆ ಊರಿಗೆ ಬಂದು ರೇಡಿಯೋ ರಿಪೇರಿಯ ಒಂದು ಸಣ್ಣ ಅಂಗಡಿ ಇಟ್ಟರು. ಜೊತೆಗೆ ಮದುವೆ ಮುಂಜಿಗಳಿಗೆ ಮೈಕ್ ಸೆಟ್ ಕಟ್ಟುತ್ತಿದ್ದರು. ಅವರಿಗೆ ಮದುವೆಯಿಲ್ಲ. ನಗುವೂ ಇಲ್ಲ. ಲಗ್ನದ ಮನೆಗೆ ಮೈಕ್ ಕಟ್ಟಲು ಹೋದರೂ ಹೆಣ ಎತ್ತಲು ಬಂದವರ ಮುಖ ಇಟ್ಟುಕೊಂಡೇ ಹೋಗುತ್ತಿದ್ದರು. "ನಿಮ್ ಬಾವ ಬಂದೋದ ಮೇಲೆ ಮದ್ವೆ ಮನೇಲಿ ಒಸಿ ಒತ್ತು ಯಾರೂ ನಗ್ನಿಲ್ಲ ಕಣವ್ವ" ಎಂದು ಪಕ್ಕದ ಮನೆಯಾಕೆ ನನ್ನ ಹತ್ತಿರ ದೂರು ಹೇಳಿದ್ದುಂಟು.

ಅವರ ಅಂಗಡಿಯಲ್ಲಿ ರೇಡಿಯೋ ಬೆಳಗಿನಿಂದ ಸಂಜೆಯವರೆಗೆ ಹಾಡುತ್ತಿತ್ತು ಎಂದುಕೊಂಡಿರಾ? ಅದೆಲ್ಲಿ ಬಂತು! ಎರಡು ಸ್ಟೇಷನ್ನುಗಳ ನಡುವೆ, ಏನೂ ಬಾರದ ಜಾಗದಲ್ಲಿ ಮುಳ್ಳು ನಿಲ್ಲಿಸಿ, ಬರೀ 'ಗುಸ್' ಎನ್ನುವ ಸದ್ದು ಬಿಟ್ಟುಕೊಂಡು ಕೂತಿರುತ್ತಿದ್ದರು. ಯಾರಾದರೂ ಮುಳ್ಳು ತಿರುಗಿಸಿ ಹಾಡು ಹಾಕಿದರೆ, ಅವರು ಹೋದ ಮೇಲೆ ಮತ್ತೆ ಅದೇ ಗುಸ್ಸಿಗೆ ತಂದು ನಿಲ್ಲಿಸುತ್ತಿದ್ದರು. ಸರ್ಕಾರಕ್ಕೆ ದುಡ್ಡು ಕಟ್ಟಿ ರೇಡಿಯೋ ಲೈಸೆನ್ಸು ಮಾಡಿಸಿ ಗಾಳಿ ಕೇಳುವ ಮನುಷ್ಯ ಇವರೊಬ್ಬರೇ ಎಂದು ನನ್ನವರು ತಮಾಷೆ ಮಾಡುತ್ತಿದ್ದರು.

ರೇಷ್ಮೆ ಇಲಾಖೆಯ ಅಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ ಕೆಟ್ಟುಹೋಗಿದ್ದ ಎರಡು ಟೇಪ್ ರೆಕಾರ್ಡರುಗಳನ್ನು ಭಾವನವರಿಗೇ ಬಿಟ್ಟು ಹೋದರು. ತಟ್ಟೆಯಷ್ಟು ಅಗಲದ ಸ್ಪೂಲು ಸುತ್ತುವಂಥವು. ಎರಡನ್ನೂ ರಿಪೇರಿ ಮಾಡಿಕೊಂಡದ್ದೇ ತಡ, ಭಾವನಿಗೆ ಹುಚ್ಚು ಹಿಡಿಯಿತು. ಮಗ್ಗದ ಮನೆಗೆ ಹೋಗಿ ಲಾಳಿಯ ಸದ್ದು ಹಿಡಿದುಕೊಂಡು ಬಂದರು. ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಭಕ್ತರನ್ನು ನಿಲ್ಲಿಸಿ ಅವರ ಕಂಸಾಳೆಯ ಕಂಚಿನ ತಾಳ ಹಿಡಿದರು. ಮದುವೆಯಲ್ಲಿ ನಾಗಸ್ವರದವನು ಶ್ರುತಿ ನೋಡಿಕೊಳ್ಳುತ್ತ ಊದಿದ 'ಪೀ' ಎನ್ನುವುದನ್ನಷ್ಟೇ ಹಿಡಿದು, ಆಮೇಲೆ ಅವನು ನುಡಿಸಿದ ಕೀರ್ತನೆಯನ್ನು ಬಿಟ್ಟೇ ಬಂದರು! ಇದು ಸಾಲದೆಂದು ರೇಡಿಯೋ ವಾಲ್ವುಗಳನ್ನು ಒಂದು ಹಲಗೆಗೆ ಜೋಡಿಸಿ, ಗುಬುಟು ತಿರುಗಿಸಿದರೆ 'ಕುಂಯ್' ಎಂದು ಸಣ್ಣಗೂ ದಪ್ಪಗೂ ಕೂಗುವ ಒಂದು ಯಂತ್ರ ಮಾಡಿದರು. ಒಂದು ರೆಕಾರ್ಡರಿನಲ್ಲಿ ಹಾಕಿ ಇನ್ನೊಂದರಲ್ಲಿ ಹಿಡಿದು, ಸದ್ದಿನ ಮೇಲೆ ಸದ್ದು ಕೂರಿಸಿ, ಎರಡು ವರ್ಷ ಅದನ್ನೇ ತಿದ್ದಿದರು.

"ಇನ್ನೂ ಸರೀಗ್ ಬಂದಿಲ್ಲ ಕಣವ್ವ. ಇನ್ನೊಸಿ ಸಣ್ಣಗಿರ್ಬೇಕು" ಎನ್ನುತ್ತಿದ್ದರು.

"ಯಾವುದರ ಹಾಗೆ ಬರಬೇಕು ಭಾವ?" ಎಂದು ನಾನು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿ, ಏನೋ ಹೇಳಲು ಹೋಗಿ, ಗುಬುಟಿನ ಕಡೆ ತಿರುಗಿಬಿಟ್ಟರು.

ಕೊನೆಗೊಂದು ದಿನ ಟೇಪು ಸಿದ್ಧವಾಯಿತು. ಇಪ್ಪತ್ತೈದು ನಿಮಿಷದ್ದು. ಮನೆಯವರನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿ ಗುಂಡಿ ಒತ್ತಿದರು. ಮೊದಲು ಕುಂಯ್ ಎಂದಿತು. ಅದರ ಕೆಳಗೆ ಗುಸ್ ಎಂದಿತು. ನಡುವೆ ಕಂಸಾಳೆ, ಅದೂ ಒಮ್ಮೆ ನಿಧಾನ, ಒಮ್ಮೆ ಓಟ. ನಮ್ಮ ಅತ್ತೆ ಒಂದು ನಿಮಿಷ ಸಹಿಸಿದರು. ಆಮೇಲೆ ಎದ್ದು ಬಾಗಿಲಿನ ಸಂದಿಯಲ್ಲಿ ಇಣುಕಿದರು.

"ಏನವ್ವ ಉಡುಕ್ತಿದ್ದೀಯ?" ಎಂದರು ಭಾವ.

"ಬೆಕ್ಕು ಕಣ್ಲಾ! ಎಲ್ಲೋ ಬಾಲ ಸಿಗಾಕಂಡು ಒದ್ದಾಡ್ತಾ ಅದೆ ಪಾಪ."

ನನಗೆ ನಗು ತಡೆಯಲಾಗಲಿಲ್ಲ. ಒಲೆಯ ಮೇಲೆ ಸಾರು ಉಕ್ಕುತ್ತಿದೆ ಎಂದು ಸುಳ್ಳು ಹೇಳಿ ಅಡುಗೆಮನೆಗೆ ಓಡಿದೆ. ಒಲೆಯನ್ನು ಆ ಹೊತ್ತಿಗೆ ಇನ್ನೂ ಹಚ್ಚಿಯೇ ಇರಲಿಲ್ಲ. ತಿರುಗಿ ಬಂದು ನೋಡಿದರೆ ಪಡಸಾಲೆಯಲ್ಲಿ ಭಾವ ಒಬ್ಬರೇ ಕೂತಿದ್ದರು.

ಮನೆಯವರಿಗೆ ಸಂಗೀತದ ಗಂಧವಿಲ್ಲ, ತಿಳಿದವರಿಗೆ ಕೇಳಿಸೋಣ ಎಂದು ಸಂಗೀತದ ಮೇಷ್ಟ್ರೊಬ್ಬರ ಮನೆಗೆ ಯಂತ್ರ ಹೊತ್ತುಕೊಂಡು ಹೋದರು. ಮೇಷ್ಟ್ರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕಲು ನೋಡಿದರು. ಕೈ ಎತ್ತಿದ್ದು ಎತ್ತಿದ ಹಾಗೇ ನಿಂತಿತು.

"ಇದು ಯಾವ ರಾಗ?" ಎಂದರು.

"ಅದೇ ನಂಗೂ ಗೊತ್ತಿಲ್ಲ ಮೇಷ್ಟ್ರೇ. ತಾವ್ ತಿಳ್ದೋರು. ಇದ್ನ ನಿಲ್ಸೋದ್ ಎಂಗೆ ಅಂತ ಕೇಳವ ಅಂತ ಬಂದೆ."

"ಆ ಗುಂಡಿಯನ್ನು ಮೇಲಕ್ಕೆತ್ತು, ನಿಲ್ಲುತ್ತೆ!" ಎಂದು ಮೇಷ್ಟ್ರು ಮುಖ ಗಂಟಿಕ್ಕಿಕೊಂಡು ಒಳಗೆ ಹೋದರು. ಈ ಪ್ರಸಂಗವನ್ನು ನನ್ನವರು ನೆಂಟರಿಷ್ಟರಿಗೆಲ್ಲ ಅಭಿನಯ ಮಾಡಿ ತೋರಿಸುತ್ತಿದ್ದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಭಾವ ಮಾತ್ರ ತಟ್ಟೆಯ ಮುಂದೆ ತಲೆ ತಗ್ಗಿಸಿ ಊಟ ಮಾಡುತ್ತಿದ್ದರು.

ಮಾಂಬಳ್ಳಿಯ ಮದುವೆಯ ಕಥೆಯಂತೂ ಇನ್ನೊಂದು. ಧಾರೆ ಮುಗಿದು ಊಟಕ್ಕೆ ಎಲೆ ಹಾಕಿದ್ದರು. ಗಂಡಿನ ಕಡೆಯವರು ಬಿಳಿಗಿರಿರಂಗನ ಬೆಟ್ಟದ ಕಾಡಂಚಿನವರು. ಜನ ಸಾಲಾಗಿ ಕೂತಿದ್ದಾರೆ, ಎದ್ದು ಹೋಗುವಂತಿಲ್ಲ, ಎಲೆಯ ಮೇಲೆ ಪಾಯಸ ಬಿದ್ದಿದೆ. ಇದಕ್ಕಿಂತ ಒಳ್ಳೆಯ ಸಮಯ ಇನ್ನೆಲ್ಲಿ ಸಿಕ್ಕೀತು ಎಂದು ಭಾವ ಹಾಡು ನಿಲ್ಲಿಸಿ ತಮ್ಮ ಟೇಪಿನ ತಂತಿಯನ್ನು ಮೈಕಿಗೆ ಸಿಕ್ಕಿಸಿದರು. ಮರದ ಮೇಲೆ ಕಟ್ಟಿದ್ದ ಹಾರ್ನಿನಿಂದ ಆ ಕುಂಯ್ ದಪ್ಪಗಾಗಿ ಗುಂಯ್ ಎಂದು ಹೊರಟದ್ದೇ ಹೊರಟದ್ದು. ಕಾಡಂಚಿನ ಒಬ್ಬ ಮುದುಕ ಕತ್ತೆತ್ತಿ ಮರ ನೋಡಿ ಕೂಗಿದ:

"ಎಜ್ಜೇನು ಎದ್ದವೆ ಕಣ್ರೋ! ಮಕ್ಕಂಡ್ ಬುಡಿ!"

ಹೆಜ್ಜೇನು ಎಂದರೆ ಆ ಕಡೆಯವರಿಗೆ ಆಟವಲ್ಲ. ಎದ್ದರೆ ಓಡಬಾರದು, ಮೈಮುಚ್ಚಿಕೊಂಡು ನೆಲಕ್ಕೆ ಬೀಳಬೇಕು ಎಂದು ಮಕ್ಕಳಿಗೂ ಗೊತ್ತು. ನೋಡನೋಡುತ್ತಿದ್ದಂತೆ ಗಂಡಿನ ಕಡೆಯ ಅರವತ್ತು ಜನ ಎಲೆಗಳ ಮೇಲೆಯೇ ಬೋರಲು ಬಿದ್ದರು. ಮದುವೆ ಗಂಡು ಜಮಖಾನದ ಒಳಗೆ ಸೇರಿಕೊಂಡ. ಹೆಂಗಸರು ಹಸಿಸೊಪ್ಪು ತಂದು ಹೊಗೆ ಹಾಕಿದರು. ಹೊಗೆಗೆ ಕೆಮ್ಮಿಕೊಂಡು, ಮೈತುಂಬ ಪಾಯಸ ಬಳಿದುಕೊಂಡು ಅವರೆಲ್ಲ ಏಳುವ ಹೊತ್ತಿಗೆ ಭಾವ ಮರ ಹತ್ತಿ ಹಾರ್ನು ಬಿಚ್ಚುತ್ತಿದ್ದರು. ಯಾರೂ ಎದ್ದು ಹೋಗದೆ ಅವರ ಟೇಪು ಕೇಳಿದ್ದು ಅದೊಂದು ಸಲ, ಅದೂ ನಾಲ್ಕೇ ನಿಮಿಷ. ಆ ಮೇಲೆ ಮಾಂಬಳ್ಳಿ ಕಡೆಯವರು ಮೈಕ್ ಸೆಟ್ಟಿಗೆ ನಮ್ಮ ಅಂಗಡಿಗೆ ಬರಲಿಲ್ಲ.

ಇಷ್ಟಾದರೂ ಬುದ್ಧಿ ಬಂತೇ? ಶಿವರಾತ್ರಿಯ ಹೊತ್ತಿಗೆ ಕೌದಳ್ಳಿಗೆ ಹೋದರು. ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವವರು ಅಲ್ಲಿ ಮಜ್ಜಿಗೆ ಕುಡಿದು ಕಾಲು ಚಾಚುತ್ತಾರೆ. ಆ ಸಲ ನಾನೂ ನನ್ನವರೂ ಬೆಟ್ಟಕ್ಕೆ ಹೊರಟು ಜೊತೆಯಲ್ಲಿದ್ದೆವು. ಯಾರ ಕಂಸಾಳೆಯನ್ನು ಟೇಪಿಗೆ ಹಿಡಿದಿದ್ದರೋ ಆ ಗುಡ್ಡಪ್ಪನೇ, ಮಹದೇಶ್ವರನ ದೀಕ್ಷೆ ಪಡೆದ ಹಾಡುಗಾರ, ಅಲ್ಲಿ ಸಿಕ್ಕಿದ. ತನ್ನದೇ ಕೈಚಳಕ ಕೇಳಬಹುದೆಂದು ಹಿಗ್ಗಿ ಕೂತ. ಕೇಳುತ್ತ ಕೇಳುತ್ತ ಅವನ ಮುಖ ಇಳಿಯಿತು.

"ಕಂಸಾಳೆ ನಂದೇ ಸಾ. ಆದ್ರೆ ನಾನ್ ಇಂಗೆ ಒಡೀನಿಲ್ವಲ್ಲ! ತಾಳ ಯಾಕೆ ಇಂಗೆ ದಾರಿ ತಪ್ಸೀರಿ?"

"ಅದು ಅಂಗೇ ಬತ್ತದೆ ಗುಡ್ಡಪ್ಪಾ. ಒಸಿ ಕೂತ್ಕೊ, ಮುಂದ್ಲುದ್ನೂ ಕೇಳು."

"ಬ್ಯಾಡಿ ಸಾ. ಕೇಳುದ್ರೆ ಎದೆ ಭಾರಾಯ್ತದೆ. ಯಾರೋ ಬಾವೀಲಿ ಬಿದ್ದು ಕೂಗ್ದಂಗದೆ" ಎಂದು ಹೇಳಿ, ಜೋಳಿಗೆ ಹೆಗಲಿಗೆ ಹಾಕಿಕೊಂಡು, ಬಿಸಿಲಿನಲ್ಲೇ ಬೆಟ್ಟದ ದಾರಿ ಹಿಡಿದ. ಭಾವ ಅವನ ಬೆನ್ನನ್ನು ಬಹಳ ಹೊತ್ತು ನೋಡುತ್ತ ಕೂತಿದ್ದರು. ಆಗಲೂ ನನ್ನವರು ನನಗೆ ಕಣ್ಣು ಹೊಡೆದರು, ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ.

ಆ ಮೇಲೆ ಅವರು ಯಾರಿಗೂ ಟೇಪು ಹಾಕಲಿಲ್ಲ. ಅಂಗಡಿಯ ಒಂದೇ ಬಾಗಿಲು ತೆರೆದು ಗುಸ್ ಕೇಳುತ್ತ ಕೂರುತ್ತಿದ್ದರು. ಊಟ ಕಡಿಮೆಯಾಯಿತು. ಕರೆದರೆ ಮೂರನೇ ಕೂಗಿಗೆ ತಿರುಗುತ್ತಿದ್ದರು. ಅತ್ತೆಗೆ ದಿಗಿಲು ಹತ್ತಿತು. ಬೆಟ್ಟದ ಧೂಳ್ತ, ಅದೇ ವಿಭೂತಿ, ಹಚ್ಚಿದ್ದಾಯಿತು, ತಾಯಿತ ಕಟ್ಟಿಸಿದ್ದಾಯಿತು. ಕೊನೆಗೆ "ಇವನ್ ತಲೆ ಕೆಟ್ಟದೆ, ಮೈಸೂರಿಗ್ ಕರ್ಕಂಡೋಗಿ ತೋರ್ಸಿ" ಎಂದು ನಮ್ಮಿಬ್ಬರನ್ನು ಹೊರಡಿಸಿದರು. ಭಾವ ಮರುಮಾತಿಲ್ಲದೆ ಬಸ್ಸು ಹತ್ತಿದರು. ಗೋಣಿಚೀಲದಲ್ಲಿ ಟೇಪ್ ರೆಕಾರ್ಡರು ಇತ್ತು.

ತಲೆ ಡಾಕ್ಟರು ಐದು ನಿಮಿಷ ಮಾತಾಡಿಸಿ, ತಲೆ ಸರಿಯಾಗಿದೆ, ಕಿವಿ ಡಾಕ್ಟರ ಹತ್ತಿರ ಹೋಗಿ ಎಂದು ಚೀಟಿ ಬರೆದರು. ಕತ್ತಿನ ಮೇಲೆ ಇರುವುದೆಲ್ಲ ತಲೆಯೇ ಎಂದುಕೊಂಡಿದ್ದ ನಮಗೆ ಇದೇ ಒಂದು ಆಶ್ಚರ್ಯ. ಕಿವಿ ಡಾಕ್ಟರು ವಯಸ್ಸಾದವರು. ದೀಪ ಬಿಟ್ಟು ಎರಡೂ ಕಿವಿ ನೋಡಿ, ಜೋರಾಗಿ ಕೇಳಿದರು:

"ಒಳಗೆ ಏನಾದರೂ ಸದ್ದು ಬರುತ್ತೇನಪ್ಪ?"

ಭಾವ ಬೆಚ್ಚಿಬಿದ್ದವರ ಹಾಗೆ ನೋಡಿದರು. ಆಮೇಲೆ ಗೋಣಿಚೀಲ ಬಿಚ್ಚಿ, ಯಂತ್ರವನ್ನು ಡಾಕ್ಟರ ಮೇಜಿನ ಮೇಲಿಟ್ಟು, "ಇದು ಸಾ" ಎಂದು ಗುಂಡಿ ಒತ್ತಿದರು.

ನಾನು ನಾಚಿಕೆಯಿಂದ ನೆಲ ನೋಡಿದೆ. ಬಾಗಿಲಲ್ಲಿ ಜನ ಕಾಯುತ್ತಿದ್ದರು. ಡಾಕ್ಟರು ಕನ್ನಡಕ ತೆಗೆದು, ಗಲ್ಲಕ್ಕೆ ಕೈಕೊಟ್ಟು ಕೇಳಿದರು. ಐದು ನಿಮಿಷವಾಯಿತು, ಹತ್ತಾಯಿತು. ನರ್ಸು ಎರಡು ಸಲ ಇಣುಕಿ ಹೋದಳು. ಡಾಕ್ಟರು ಅಲುಗಾಡಲಿಲ್ಲ. ಟೇಪು ಮುಗಿದು ಅದರ ತುದಿ ಪಟಪಟ ಹೊಡೆದುಕೊಂಡಾಗ ತಾವೇ ಕೈಚಾಚಿ ನಿಲ್ಲಿಸಿದರು.

"ಎಷ್ಟು ವರ್ಷದಿಂದ?"

"ಗಿರಣಿ ಮುಚ್ದಾಗ್ಲಿಂದ ಸಾ, ಒಂಬತ್ತು ವರ್ಸಾತು. ಅವತ್ತು ಇಂಜಿನ್ ನಿಲ್ಸುದ್ರು. ಎಲ್ರಿಗೂ ಸದ್ದು ನಿಂತೋಯ್ತು. ನಂಗೆ ನಿಲ್ನಿಲ್ಲ."

"ಆ ಕಂಸಾಳೆ?"

"ಅದು ಎದೆ ಬಡ್ಕೊಳದು ಸಾ. ಕಿವೀಲಿ ಕೇಳ್ತದೆ. ಮೆಟ್ಲತ್ತಿದ್ರೆ ಓಡ್ತದೆ."

"ನಿಂತೇ ಇಲ್ಲವೇ, ಒಂದು ದಿನವೂ?"

"ಇಲ್ಲ ಸಾ. ರೇಡಿಯೋದ್ ಗುಸ್ಸಿನ್ ಮುಂದೆ ಕೂತ್ರೆ ಒಸಿ ಮರ್ತಂಗಾಯ್ತದೆ ಅಷ್ಟೇಯ. ಮದ್ದು ಅದ್ಯಾ ಸಾ?"

ಡಾಕ್ಟರು ಇಲ್ಲವೆಂದು ನಿಧಾನವಾಗಿ ತಲೆಯಾಡಿಸಿದರು. ಭಾವನ ಮುಖದಲ್ಲಿ ನಾನು ಮೊದಲ ಸಲ ನಗು ಕಂಡೆ. "ಓಗ್ಲಿ ಬುಡಿ ಸಾ. ನೀವ್ ಪೂರ್ತಿ ಕೇಳುದ್ರಲ್ಲ" ಎಂದು ಕೈ ಮುಗಿದರು.

ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ನನ್ನವರು ಮುಖ ಎತ್ತಲಿಲ್ಲ. ನಾನೇ ಕೇಳಿದೆ, "ಮನೆಯಲ್ಲಿ ಒಂದು ಮಾತು ಹೇಳಬಾರದಾಗಿತ್ತೇ ಭಾವ?"

"ಏಳ್ದೆ ಕಣವ್ವ, ನೀ ಬರಕ್ಕೆ ಮುಂಚೆ. ಕಿವೀಲಿ ಸದ್ದದೆ ಅಂದೆ. ಬೆಳ್ಳುಳ್ಳಿ ಎಣ್ಣೆ ಬುಟ್ಕೊ ಅಂದ್ರು. ಇನ್ನೊಂದಪ ಏಳ್ದೆ, ಇನ್ನೊಸಿ ಬುಟ್ಕೊ ಅಂದ್ರು. ಬಾಯಲ್ಲಿ ಏಳುದ್ರೆ ಯಾರ್ಗೂ ತಿಳಿಯಾಕಿಲ್ಲ, ಕೇಳ್ಸೇ ಬುಡವ ಅಂತ ಮಾಡ್ದೆ."

ನನಗೆ ಅಳು ಬಂತು. ಯಾವುದನ್ನು ನಾನು ಒಂದು ನಿಮಿಷ ಕೇಳಲಾರದೆ ಅಡುಗೆಮನೆಗೆ ಓಡಿದ್ದೆನೋ ಅದನ್ನು ಈ ಮನುಷ್ಯ ಒಂಬತ್ತು ವರ್ಷ ಹೊತ್ತು ತಿರುಗಿದ್ದರು. ನಾವು ಎದ್ದು ಹೋಗುತ್ತಿದ್ದೆವು. ಅವರು ಎಲ್ಲಿಗೆ ಹೋಗಬೇಕಿತ್ತು? ಎಷ್ಟು ನಕ್ಕಿದ್ದೆವು ನಾವು! ಆ ನಗುವಿಗೆ ನನಗೆ ಇವತ್ತಿಗೂ ಕ್ಷಮೆಯಿಲ್ಲ.

ಮನೆಗೆ ಬಂದು ಅತ್ತೆಗೆ ಎಲ್ಲ ಬಿಡಿಸಿ ಹೇಳಿದೆವು. ಮಾರನೆಯ ಬೆಳಿಗ್ಗೆ ಅವರು ಸ್ನಾನ ಮಾಡಿ ಬಂದು, ಪಡಸಾಲೆಯಲ್ಲಿ ಗೋಡೆಗೊರಗಿ ಕೂತು, ಮಗನನ್ನು ಕರೆದರು.

"ಆಕ್ಲಾ ಅದ್ನ."

"ಬ್ಯಾಡ ಬುಡವ್ವ, ನಿಂಗಾಗಾಕಿಲ್ಲ."

"ಆಕು ಅಂದೆ."

ಇಪ್ಪತ್ತೈದು ನಿಮಿಷ ಅತ್ತೆ ಕದಲದೆ ಕೇಳಿದರು. ಕಣ್ಣಿನಿಂದ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ನಾನೂ ನನ್ನವರೂ ಕಂಬದ ಪಕ್ಕದಲ್ಲಿ ನಿಂತು ಕೇಳಿದೆವು. ಟೇಪು ಮುಗಿಯಿತು, ಮನೆ ನಿಶ್ಶಬ್ದವಾಯಿತು. ಆ ನಿಶ್ಶಬ್ದ ನಮಗೆ ಮೂವರಿಗೆ ಮಾತ್ರ ಎಂದು ಅವತ್ತು ನಮಗೆ ಗೊತ್ತಿತ್ತು. ಅತ್ತೆ ಮಗನನ್ನು ಹತ್ತಿರ ಎಳೆದುಕೊಂಡು, ಗುಡುಗಿದಾಗ ಕೂಸಿಗೆ ಮಾಡುವ ಹಾಗೆ, ನಲವತ್ತೈದು ವರ್ಷದ ಆ ಮಗನ ಎರಡೂ ಕಿವಿಗಳನ್ನು ತಮ್ಮ ಅಂಗೈಗಳಿಂದ ಒತ್ತಿ ಮುಚ್ಚಿದರು. ತುಂಬ ಹೊತ್ತು ಹಾಗೇ ಹಿಡಿದಿದ್ದು, ಕೈ ತೆಗೆದು ಕೇಳಿದರು:

"ಈಗ?"

ಭಾವ ತಾಯಿಯ ಮುಖ ನೋಡಿದರು.

"ನಿಂತದೆ ಕಣವ್ವ" ಎಂದರು.