ಅರ್ಧ ನಿಮ್ಮದು, ಅರ್ಧ ನನ್ನದು

ಎಂಟು ಅಂಕಿಯ ಒಂದು ಪಾಸ್‌ವರ್ಡ್ ಇಲ್ಲದಿದ್ದರೆ ಬೀಗದಣ್ಣನ ಆ ದಿನವೂ ಉಳಿದ ದಿನಗಳ ಹಾಗೆ ಸುಮ್ಮನೆ ಕಳೆದುಹೋಗುತ್ತಿತ್ತು.

ನೀರಿನ ಮೀಟರ್ ರಿಪೇರಿ ಮಾಡುವ ಕಚೇರಿಯಲ್ಲಿ ಅವನಿಗೆ ಆ ಹೆಸರು ಬಿದ್ದದ್ದು ಒಂದು ಬೀಗದ ಕಂಪನಿಯ ಷೇರುಗಳಿಂದ. ಹನ್ನೆರಡು ವರ್ಷದ ಹಿಂದೆ ಕೊಂಡವನು ಇನ್ನೂ ಮಾರಿರಲಿಲ್ಲ. ಆ ಷೇರೋ, ತಾನು ಮಾಡಿದ ಬೀಗವನ್ನು ತನಗೇ ಜಡಿದುಕೊಂಡ ಹಾಗೆ, ವರ್ಷಕ್ಕೆ ಒಂದಿಷ್ಟೇ ಮೇಲಕ್ಕೆ ಕದಲುತ್ತಿತ್ತು. ಮುಂದಿನ ವರ್ಷ ಮಗಳು ದನದ ಡಾಕ್ಟರ್ ಓದಿಗೆ ಸೇರುವ ಹೊತ್ತಿಗೆ ಫೀಸಿಗೆ ಸರಿಹೋಗುತ್ತದೆಂದು ಅವನ ಅಂದಾಜು. “ಏರುತ್ತೆ, ಇಳಿಯುತ್ತೆ. ಆಗಾಗ ಬಂದು ನೋಡಬಾರದು, ಅಷ್ಟೆ” ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಆದರೂ ತನ್ನ ಮೇಲೆ ತನಗೇ ಪೂರ್ತಿ ನಂಬಿಕೆಯಿಲ್ಲದೆ, ಷೇರು ಖಾತೆಯ ಪಾಸ್‌ವರ್ಡನ್ನು ಹೆಂಡತಿಯೊಡನೆ ಪಾಲು ಮಾಡಿಕೊಂಡಿದ್ದ. ಖಾತೆ ಇಬ್ಬರ ಫೋನಿನಲ್ಲೂ ಇತ್ತು. ಮೊದಲ ನಾಲ್ಕು ಅಂಕಿ ಅವನಿಗೆ ಮಾತ್ರ ಗೊತ್ತು, ಕೊನೆಯ ನಾಲ್ಕು ಅವಳಿಗೆ ಮಾತ್ರ. ಒಬ್ಬರಿಗೆ ಹುಚ್ಚು ಹಿಡಿದರೆ ಇನ್ನೊಬ್ಬರು ತಡೆಯಲಿ ಎಂಬ ಏರ್ಪಾಡು.

ಅಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಮೇಲಿನ ಮನೆಯ ಟೀಚರಮ್ಮ ಅಡ್ಡ ಸಿಕ್ಕರು.

“ಆ ಹೊಸ ಕಂಪನಿ ಷೇರು ತಗೊಂಡ್ರಾ? ನಾಲ್ಕೇ ದಿನದಲ್ಲಿ ಎರಡರಷ್ಟು. ನಾನು ಫ್ರಿಜ್ ಬದಲಾಯಿಸ್ತಿದೀನಿ.”

“ಅವರು ಏನು ಮಾಡ್ತಾರೆ ಟೀಚರಮ್ಮ, ಆ ಕಂಪನೀಲಿ?”

“ಅದೆಲ್ಲ ಯಾಕೆ ನಮಗೆ? ಏರ್ತಾ ಇದೆಯಲ್ಲ.”

ಬಾಗಿಲಲ್ಲಿ ನಿಂತ ಹೆಂಡತಿ ಇದನ್ನೆಲ್ಲ ಕೇಳಿಸಿಕೊಂಡು, “ನಮ್ಮೋರು ಅಲುಗಾಡಲ್ಲ ಬಿಡಿ” ಎಂದಳು. ಅದು ಹೊಗಳಿಕೆಯೇ ಎಂದುಕೊಂಡು ಬೀಗದಣ್ಣ ಬಸ್ಸು ಹತ್ತಿದ.

ಕಚೇರಿಯಲ್ಲಿ ಆ ದಿನ ಬೀಗದಣ್ಣನ ಮೇಜಿನ ಮೇಲಿನದು ಬಿಟ್ಟರೆ ಒಂದು ಮೀಟರೂ ಬಿಚ್ಚಿಕೊಳ್ಳಲಿಲ್ಲ. ಉಳಿದವರೆಲ್ಲ ಫೋನಿಗೆ ಕಣ್ಣು ನೆಟ್ಟು, ಮೊಟ್ಟೆಗೆ ಕಾವು ಕೊಡುವ ಕೋಳಿಗಳ ಹಾಗೆ ಕೂತಿದ್ದರು.

“ಆ ಹೊಸ ಕಂಪನಿಯೋರು ಗಾಳಿಯಿಂದ ಅದೇನೋ ತೆಗೀತಾರಂತೆ” ಎಂದ ಸ್ಟೋರ್ ಕೀಪರ್. “ಬೀಗದಣ್ಣ, ಆ ತುಕ್ಕು ಹಿಡಿದ ಷೇರು ಮಾರಿ ಇದಕ್ಕೆ ಹಾಕು. ಫೀಸಿನ ಜೊತೆ ಹಾಸ್ಟೆಲ್ಲೂ ಆಗುತ್ತೆ. ನಿನ್ನ ಮಗಳ ಮುಖ ನೋಡಿ ಹೇಳ್ತಿದೀನಿ.”

“ಏರುತ್ತೆ, ಇಳಿಯುತ್ತೆ” ಎಂದು ಬೀಗದಣ್ಣ ಮೀಟರಿನೊಳಗಿನ ಪಾಚಿ ಉಜ್ಜಿದ.

ಹನ್ನೆರಡಕ್ಕೆ ಸ್ಟೋರ್ ಕೀಪರ್ ಎಲ್ಲರಿಗೂ ಟೀ ತರಿಸಿದ. ಒಂದಕ್ಕೆ ಟೈಪಿಸ್ಟ್ ಮೇಡಂ ಕಿವಿಯೋಲೆ ಆರಿಸತೊಡಗಿದರು. ಎರಡೂವರೆಗೆ ಮೇಲಧಿಕಾರಿಯೇ ಬಂದು ಬೆನ್ನು ತಟ್ಟಿದರು. “ಏನ್ರೀ, ನೀವೊಬ್ಬರೇ ದಡದಲ್ಲಿ ಕೂತು ಚಪ್ಪಲಿ ಕಾಯ್ತೀರಾ?”

ಆ ಮಾತು ಚುಚ್ಚಿತು. ಹಾಸ್ಟೆಲ್ಲು ಎನ್ನುವುದು ಆಗಲೇ ತಲೆಯೊಳಗೆ ಹೊಕ್ಕು ಮಂಚ ಹಾಕಿಕೊಂಡಿತ್ತು. ಮೂರಕ್ಕೆ ಬೀಗದಣ್ಣ ಗೋದಾಮಿನ ಪೈಪುಗಳ ಹಿಂದೆ ನಿಂತು ಮನೆಗೆ ಫೋನು ಮಾಡಿದ.

“ನಿನ್ನ ನಾಲ್ಕು ಅಂಕಿ ಹೇಳೇ.”

ಬೈಗುಳಕ್ಕೆ ಕಿವಿ ಸಿದ್ಧ ಮಾಡಿಕೊಂಡಿದ್ದ. ಆದರೆ ಅವಳು ಯಾಕೆ ಎಂದೂ ಕೇಳದೆ ತಗ್ಗಿದ ದನಿಯಲ್ಲಿ ಒಂದೊಂದಾಗಿ ಹೇಳಿ, ಫೋನಿಟ್ಟುಬಿಟ್ಟಳು.

ಅವನು ಎಂಟೂ ಅಂಕಿ ಒತ್ತಿದ. ಪರದೆಯ ಮೇಲೆ ಕೆಂಪಕ್ಷರ ಬಂತು: “ನಿಮ್ಮ ಖಾತೆಗೆ ಬೀಗ ಬಿದ್ದಿದೆ. ನಾಳೆ ಪ್ರಯತ್ನಿಸಿ.”

ಮೂರೂಕಾಲಿಗೆ ಹೊಸ ಕಂಪನಿಯ ಷೇರು ಬಾವಿಗೆ ಬಿದ್ದ ಕೊಡದ ಹಾಗೆ ಕೆಳಗಿಳಿಯಿತು. ಹಗ್ಗ ಯಾರ ಕೈಯಲ್ಲೂ ಇರಲಿಲ್ಲ. ಟೈಪಿಸ್ಟ್ ಮೇಡಂ ಕಿವಿ ಮುಟ್ಟಿಕೊಂಡು ಕೂತರು. ಪೈಪುಗಳ ಹಿಂದಿನಿಂದ ಬೆವರೊರೆಸಿಕೊಳ್ಳುತ್ತ ಬಂದ ಬೀಗದಣ್ಣನನ್ನು ಎಲ್ಲರೂ ಮಹಾಪುರುಷನ ಹಾಗೆ ನೋಡಿದರು.

“ಬೆಳಿಗ್ಗೆಯಿಂದ ಹೇಳ್ತಿದ್ದ ಮನುಷ್ಯ, ನಾವು ಕೇಳಲಿಲ್ಲ” ಎಂದ ಸ್ಟೋರ್ ಕೀಪರ್.

ಮೇಲಧಿಕಾರಿ ಗಂಟಲು ಸರಿಮಾಡಿಕೊಂಡರು. “ಸೋಮವಾರ ತಾಳ್ಮೆ ಬಗ್ಗೆ ಎಲ್ಲರಿಗೂ ಎರಡು ಮಾತಾಡಿ.”

ಬೀಗದಣ್ಣ ಬೇಡವೆನ್ನಲಿಲ್ಲ.

ದಾರಿಯುದ್ದಕ್ಕೂ ಅವನಿಗೆ ಹೆಂಡತಿಯ ಮೇಲೆ ಅಕ್ಕರೆ ಉಕ್ಕಿತು. ತನ್ನ ಮನಸ್ಸು ಕೆಡುವುದು ಮೊದಲೇ ಗೊತ್ತಾಗಿ ಖಾತೆಗೆ ಬೀಗ ಹಾಕಿಸಿದ್ದಾಳೆ. ಎಂಥ ಹೆಂಗಸು. ಒಳಗೆ ಕಾಲಿಡುತ್ತಲೇ ಹೇಳಿದ: “ಮಗಳ ಓದು ಉಳಿಸಿದೆ ಕಣೇ. ನಾನು ಜಾರಿದೆ, ನೀನು ಜಾರಲಿಲ್ಲ.”

ಅವಳು ಒಲೆ ಆರಿಸಿದಳು.

“ಉಳಿಸಲೂ ಇಲ್ಲ, ಏನೂ ಇಲ್ಲ. ಮಧ್ಯಾಹ್ನ ನಾನೇ ಮಾರಿ ಆ ಹೊಸದನ್ನ ತಗೊಳೋಣ ಅಂತ ಕೂತೆ. ನಿಮ್ಮನ್ನ ಕೇಳೋಕೆ ನಾಚಿಕೆ. ನಿಮ್ಮ ಅರ್ಧ ಊಹೆ ಮಾಡಿ ಹಾಕಿದೆ.”

“ಏನು ಹಾಕಿದೆ?”

“ನಮ್ಮ ಮದುವೆ ದಿನ. ಅಲ್ಲ ಅಂತು. ನನ್ನ ಹುಟ್ಟಿದ ದಿನ. ಅಲ್ಲ. ಮಗಳದ್ದು, ನಿಮ್ಮದು, ಕೊನೆಗೆ ನಿಮ್ಮಮ್ಮಂದೂ ಹಾಕಿದೆ ರೀ. ಐದು ಸಲ ಆದಮೇಲೆ ಬೀಗ ಬಿತ್ತು. ಹಾಗಾದ್ರೆ ಯಾವುದದು?”

ನಗುತ್ತಿದ್ದ ಬೀಗದಣ್ಣನ ನಗು ಅರ್ಧದಲ್ಲೇ ನಿಂತಿತು.

“ನನ್ನ ಹಳೇ ಸ್ಕೂಟರ್ ನಂಬರ್.”

“ಮಾರಿ ಇಪ್ಪತ್ತು ವರ್ಷ ಆಯ್ತಲ್ಲ, ಅದಾ?” ಅವಳು ಸೆರಗಿಗೆ ಕೈ ಒರೆಸಿಕೊಂಡಳು. “ಮದುವೆ ದಿನ ಯಾವುದು ಹೇಳಿ ನೋಡೋಣ.”

ಅವನು ಗೋಡೆಯ ಕ್ಯಾಲೆಂಡರಿನ ಕಡೆ ಕಣ್ಣು ಹಾಯಿಸಿದ.

ಐದು ನಿಮಿಷದ ಮೇಲೆ ಬೀಗದಣ್ಣ ಮೆಟ್ಟಿಲ ಮೇಲೆ ಕೂತಿದ್ದ. ಎರಡು ಮೆಟ್ಟಿಲು ಮೇಲೆ ಟೀಚರಮ್ಮ ಗಲ್ಲಕ್ಕೆ ಕೈಯಿಟ್ಟು ಆಗಲೇ ಕೂತಿದ್ದರು.

“ನಿಮಗೇನಪ್ಪ, ಎಲ್ಲ ಭದ್ರವಾಗಿದೆ” ಎಂದರು.

ಅವನು ಎದ್ದು ಹೋಗಿ ಮೆಲ್ಲಗೆ ಬಾಗಿಲು ತಟ್ಟಿದ. “ಇನ್ನೂ ಎಷ್ಟು ಹೊತ್ತೇ?”

ಒಳಗಿನಿಂದ ಚಿಲಕ ಇನ್ನಷ್ಟು ಬಿಗಿಯಾದ ಸದ್ದು ಬಂತು.

“ನನ್ನ ಕೋಪಾನೂ ಹಾಗೇ ರೀ. ಏರುತ್ತೆ, ಇಳಿಯುತ್ತೆ. ಆಗಾಗ ಬಂದು ನೋಡಬಾರದು, ಅಷ್ಟೆ.”